ಜೀರುಂಡೆ ಕೂಗೋ ಹಳ್ಳಿಯಲ್ಲಿ ಯಾರನ್ನ ನಂಬೋದು?

ಗೇಮ್ ಅಂತ ದುಡ್ಡು ಕೊಟ್ಟು ಕೊಂಡ ಮೇಲೆ ಅದರಲ್ಲಿ ನಾವು ಮಾಡೋಕೆ ಏನಾದ್ರೂ ಇರಬೇಕು ತಾನೇ? ಓಡಬೇಕು, ಹಾರಬೇಕು, ಗುಂಡು ಹೊಡೀಬೇಕು, ಕೊನೇಪಕ್ಷ ಎಡಕ್ಕೋ ಬಲಕ್ಕೋ ಅಂತ ಆರಿಸಬೇಕು. ‘ಹಿಗುರಾಶಿ ನೊ ನಾಕು ಕೊರೊ ನಿ’ ಅನ್ನೋ ಜಪಾನಿ ಗೇಮ್‌ನಲ್ಲಿ ಇದ್ಯಾವುದೂ ಇಲ್ಲ. ಮೌಸ್ ಒತ್ತಿದರೆ ಮುಂದಿನ ಸಾಲು ಬರುತ್ತೆ. ಮತ್ತೆ ಒತ್ತಿದರೆ ಅದರ ಮುಂದಿನದು. ಕಣ್ಣೆದುರೇ ಕೊಲೆ ಆಗೋದು ಗೊತ್ತಾಗ್ತಿದ್ರೂ ತಡೆಯೋಕೆ ಒಂದು ಬಟನ್ ಕೂಡ ಇಲ್ಲ. ಹೀಗಿದ್ದೂ, ಬಂದು ಎರಡು ದಶಕ ದಾಟಿದ ಮೇಲೂ, ಮಿಸ್ಟರಿ ಗೇಮ್‌ಗಳ ಮಾತು ಬಂದಾಗ ಇದರ ಹೆಸರು ಬಿಟ್ಟು ಮುಂದೆ ಹೋಗೋಕಾಗಲ್ಲ.

ಇಂಥ ಗೇಮ್‌ಗಳಿಗೆ ವಿಷುಯಲ್ ನಾವೆಲ್ ಅಂತ ಹೆಸರು. ಹಿಂದೆ ಒಂದು ಹಿನ್ನೆಲೆ ಚಿತ್ರ, ಅದರ ಮುಂದೆ ನಿಂತ ಪಾತ್ರಗಳು, ಮೇಲೆ ಓದೋಕೆ ಅಕ್ಷರ, ಜೊತೆಗೆ ಸಂಗೀತ, ಸದ್ದು. ಸಾಮಾನ್ಯವಾಗಿ ಅಲ್ಲಲ್ಲಿ ಆಯ್ಕೆಗಳಿರುತ್ತವೆ. ನೀವು ಯಾವುದನ್ನ ಆರಿಸಿದ್ರಿ ಅನ್ನೋದರ ಮೇಲೆ ಕಥೆ ಕವಲೊಡೆಯುತ್ತೆ. ಹಿಗುರಾಶಿ ಆ ಕವಲುಗಳನ್ನೂ ಬೇಡ ಅಂದುಬಿಟ್ಟಿತು.

ಇದನ್ನ ಮಾಡಿದ್ದು ದೊಡ್ಡ ಕಂಪನಿಯಲ್ಲ. ಟೋಕಿಯೊದಲ್ಲಿ 1975ರಿಂದ ‘ಕಾಮಿಕೆಟ್’ ಅಂತ ಒಂದು ಜಾತ್ರೆ ನಡೆಯುತ್ತೆ. ಹವ್ಯಾಸಿಗಳು ತಾವೇ ಬರೆದ ಕಾಮಿಕ್ಸ್, ಹಾಡಿನ ಸಿ.ಡಿ., ಗೇಮ್‌ಗಳನ್ನ ಮೇಜಿನ ಮೇಲೆ ಹರಡಿಕೊಂಡು ಮಾರೋ ಜಾಗ ಅದು. ಈಗ ವರ್ಷಕ್ಕೆರಡು ಸಲ, ಆಗಸ್ಟ್ ಮತ್ತು ಡಿಸೆಂಬರ್‌ನಲ್ಲಿ. 2002ರ ಆಗಸ್ಟ್ ಜಾತ್ರೆಯಲ್ಲಿ ‘ಸೆವೆಂತ್ ಎಕ್ಸ್‌ಪಾನ್ಶನ್’ ಅನ್ನೋ ಪುಟ್ಟ ಗುಂಪು ಹಿಗುರಾಶಿಯ ಮೊದಲ ಭಾಗ ತಂದಿತು. ಬರೆದವರು ‘ರ್ಯೂಕಿಶಿ07’ ಅನ್ನೋ ಗುಪ್ತನಾಮದವರು. ಸರ್ಕಾರಿ ನೌಕರಿಯಲ್ಲಿದ್ದ ವ್ಯಕ್ತಿ. ಕಥೆಯೂ ಅವರದೇ, ಚಿತ್ರಗಳೂ ಅವರದೇ.

ಆಮೇಲೆ ಒಂದೊಂದೇ ಭಾಗ ಬಂತು. ಮೊದಲ ನಾಲ್ಕು ‘ಪ್ರಶ್ನೆ’ಯ ಭಾಗಗಳು, ನಂತರದ ನಾಲ್ಕು ‘ಉತ್ತರ’ದ ಭಾಗಗಳು. 2006ರ ಆಗಸ್ಟ್‌ಗೆ ಎಂಟೂ ಮುಗಿದವು. ಅಂದ್ರೆ ಕೊಲೆಗಾರ ಯಾರು ಅಂತ ಗೊತ್ತಾಗೋಕೆ ಮೊದಲ ಓದುಗರು ವರ್ಷಗಟ್ಟಲೆ ಕಾದರು. ವಾರಪತ್ರಿಕೆಯ ಧಾರಾವಾಹಿಗೆ ಕಾದು ಗೊತ್ತಿರೋ ನಮ್ಮ ಅಮ್ಮಂದಿರಿಗೆ ಈ ಸುಖ ವಿವರಿಸೋ ಅಗತ್ಯ ಇಲ್ಲ. ಒಂದೇ ರಾತ್ರಿಗೆ ಇಡೀ ಸೀಸನ್ ಮುಗಿಸೋ ನಮಗೇ ಅದು ಸ್ವಲ್ಪ ವಿಚಿತ್ರ.

ಹತ್ತಿ ತೇಲಿಸೋ ಹಬ್ಬ

ಕಥೆ ನಡೆಯೋದು 1983ರ ಜೂನ್‌ನಲ್ಲಿ, ಹಿನಾಮಿಜಾವಾ ಅನ್ನೋ ಕಾಲ್ಪನಿಕ ಹಳ್ಳಿಯಲ್ಲಿ. ಅದಕ್ಕೆ ಮಾದರಿ ಗಿಫು ಪ್ರಾಂತ್ಯದ ಶಿರಕಾವಾ-ಗೊ. ಹಿಮ ಜಾರಲಿ ಅಂತ ಕಡಿದಾಗಿ ಇಳಿಜಾರು ಮಾಡಿದ ಹುಲ್ಲಿನ ಮಾಡುಗಳ ಊರು, 1995ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ್ದು. ಗೇಮ್‌ನ ಹಿನ್ನೆಲೆಗಳೂ ನಿಜವಾದ ಫೋಟೊಗಳೇ. ಅವಕ್ಕೆ ಫಿಲ್ಟರ್ ಹಾಕಿ ಬಣ್ಣ ಕಲಸಿದ್ದಾರೆ.

ಕೆಯಿಚಿ ಅನ್ನೋ ಹುಡುಗ ಪಟ್ಟಣದಿಂದ ಇಲ್ಲಿಗೆ ಬಂದು ಕೆಲವೇ ವಾರ ಆಗಿದೆ. ಎಲ್ಲಾ ವಯಸ್ಸಿನ ಮಕ್ಕಳೂ ಒಂದೇ ಕೋಣೆಯಲ್ಲಿ ಕೂತು ಕಲಿಯೋ ಶಾಲೆ. ರೇನಾ, ಮಿಯೋನ್, ಸಾತೊಕೊ, ರಿಕಾ ಅನ್ನೋ ನಾಲ್ವರು ಹುಡುಗಿಯರ ಸ್ನೇಹ ಆಗುತ್ತೆ. ಶಾಲೆ ಬಿಟ್ಟ ಮೇಲೆ ಇಸ್ಪೀಟು, ಹಿಡಿಯೋ ಆಟ, ಸೋತವರಿಗೆ ಏನಾದರೊಂದು ತಮಾಷೆಯ ಶಿಕ್ಷೆ. ಸಂಜೆಯಾದರೆ ಹಿಗುರಾಶಿ ಕೂಗುತ್ತೆ. ಹಿಗುರಾಶಿ ಅಂದ್ರೆ ಮುಂಜಾನೆ ಮುಸ್ಸಂಜೆ ದನಿ ಮಾಡೋ ಒಂದು ಜಾತಿಯ ಜೀರುಂಡೆ. ಮಲೆನಾಡಿನವರಿಗೆ ಆ ಸದ್ದು ಕೇಳಿದ ಕೂಡಲೇ ಬೆನ್ನಹಿಂದಿನ ಕಾಡು ನೆನಪಾಗದೆ ಇರಲ್ಲ.

ಈ ನೆಮ್ಮದಿಯ ಹಿಂದೆ ಒಂದು ಹಳೇ ಜಗಳ ಇದೆ. ಹಳ್ಳಿಯನ್ನ ಮುಳುಗಿಸೋ ಅಣೆಕಟ್ಟಿನ ಯೋಜನೆ ಬಂದಿತ್ತು, ಜನ ಹೋರಾಡಿ ನಿಲ್ಲಿಸಿದ್ದರು. 1979ರಲ್ಲಿ ಹಳ್ಳಿಯ ಹಬ್ಬದ ಹೊತ್ತಿಗೆ ಅಣೆಕಟ್ಟಿನ ಕಾಮಗಾರಿ ನೋಡಿಕೊಳ್ಳುತ್ತಿದ್ದವನ ಕೊಲೆ ಆಯ್ತು. ಅಲ್ಲಿಂದ ಪ್ರತಿ ವರ್ಷ ಅದೇ ಹಬ್ಬಕ್ಕೆ ಒಬ್ಬರು ಸಾಯ್ತಾರೆ, ಒಬ್ಬರು ಕಾಣೆಯಾಗ್ತಾರೆ. ಊರ ದೇವರು ಒಯಾಶಿರೊ-ಸಾಮಾನ ಶಾಪ ಅಂತ ಪಿಸುಮಾತು. ಹಬ್ಬದ ಹೆಸರು ‘ವಾತಾನಗಾಶಿ’, ಹಳೇ ಹಾಸಿಗೆಯ ಹತ್ತಿಯನ್ನ ಹೊಳೆಯಲ್ಲಿ ತೇಲಿಬಿಡೋದು. ಆದರೆ ಜಪಾನಿಯಲ್ಲಿ ‘ವಾತಾ’ ಅಂದ್ರೆ ಹತ್ತಿಯೂ ಹೌದು, ಕರುಳೂ ಹೌದು.

ಈ ಅಣೆಕಟ್ಟಿನ ಕಥೆ ಬರೀ ಅಲಂಕಾರ ಅಲ್ಲ. ಶಿರಕಾವಾ-ಗೊ ಇರೋ ಅದೇ ಶೋ ನದಿಗೆ ಮಿಬೊರೊ ಅಣೆಕಟ್ಟು ಬಂದು, 1961ರ ಹೊತ್ತಿಗೆ ಪೂರ್ತಿಯಾಗಿ, ಮನೆಗಳು ಮುಳುಗಿದ್ದವು. ಅದೇ ದಶಕದಲ್ಲಿ ಶರಾವತಿಗೆ ಲಿಂಗನಮಕ್ಕಿ ಬಂತು. ಹಿನ್ನೀರಿನಿಂದ ಎದ್ದು ಬಂದ ಮನೆತನದವರಿಗೆ ಗೇಮ್‌ನ ಒಂದು ವಿವರ ಬಿಡಿಸಿ ಹೇಳಬೇಕಾಗಿಲ್ಲ. ಪರಿಹಾರ ತಗೊಂಡು ಹೋಗೋಣ ಅಂದವರನ್ನ ಊರು ಹೇಗೆ ನೋಡುತ್ತೆ ಅನ್ನೋದು. ಸಾತೊಕೊಳ ಅಪ್ಪ ಅಮ್ಮ ಹಾಗೆ ಹೇಳಿದವರು. ಅವರು ಸತ್ತ ಮೇಲೂ ಊರು ಆ ಸಿಟ್ಟನ್ನ ಉಳಿದ ಮಗುವಿನ ಮೇಲೆ ಇಟ್ಟುಕೊಂಡಿದೆ.

ಕೈಗವಸಿನಂಥ ಕೈಗಳು

ಮೊದಲ ಸಲ ನೋಡಿದವರು ನಗೋದು ಚಿತ್ರಗಳನ್ನ ನೋಡಿ. ಪಾತ್ರಗಳ ಕೈ ಚಳಿಗಾಲದ ಕೈಗವಸಿನ ಹಾಗಿದೆ. ಬೆರಳು ಎಲ್ಲಿ ಶುರು ಎಲ್ಲಿ ಕೊನೆ ಗೊತ್ತಾಗಲ್ಲ. ತಲೆ ದೊಡ್ಡದು, ಭುಜ ಸಣ್ಣದು. ಮೊದಲ ಆವೃತ್ತಿಯಲ್ಲಿ ಪಾತ್ರಗಳಿಗೆ ದನಿ ಕೊಟ್ಟವರೂ ಇಲ್ಲ.

ಆದರೆ ಮುಖ ನೋಡಿ. ರೇನಾ ಮತ್ತು ಕೆಯಿಚಿ ಸಂಜೆ ಮನೆಗೆ ನಡೆದು ಹೋಗ್ತಿರೋ ಒಂದು ದೃಶ್ಯ ಇದೆ. ನನ್ನಿಂದ ಏನೋ ಮುಚ್ಚಿಡ್ತಿದ್ದೀಯಾ ಅಂತ ಇವನು ಕೇಳ್ತಾನೆ. ನೀನೂ ಮುಚ್ಚಿಡ್ತಿಲ್ವಾ ಅಂತ ಅವಳು ನಗ್ತಾನೇ ತಿರುಗಿ ಕೇಳ್ತಾಳೆ. ಇಲ್ಲ ಅಂತಾನೆ. ಆಗ ಅವಳ ಕಣ್ಣು ಬದಲಾಗಿ, ‘ಸುಳ್ಳು!’ ಅಂತ ಒಂದೇ ಒಂದು ಪದ ಸಿಡಿಯುತ್ತೆ. ಜೀರುಂಡೆಗಳ ಸದ್ದು ಅಡಗಿಹೋಗುತ್ತೆ. ನಂತರ ಅವಳು ಏನೂ ಆಗೇ ಇಲ್ಲ ಅನ್ನೋ ಹಾಗೆ ಮಾತು ಮುಂದುವರಿಸ್ತಾಳೆ. ನಾನು ಹೆಡ್‌ಫೋನ್ ತೆಗೆದು ಎದ್ದು ಹೋಗಿ ಲೈಟ್ ಹಾಕಿ ಬಂದೆ. ಮುಂದೆ ವೃತ್ತಿಪರ ಕಲಾವಿದರು ಬಿಡಿಸಿದ ಚಂದದ ಚಿತ್ರಗಳಿರೋ ಆವೃತ್ತಿಗಳೂ ಬಂದವು. ಅಲ್ಲಿ ರೇನಾ ಸುಂದರವಾಗಿದ್ದಾಳೆ. ಆದರೆ ಅಷ್ಟು ಭಯ ಹುಟ್ಟಿಸಲ್ಲ. ತಿದ್ದಿಲ್ಲದ ಗೆರೆಯಲ್ಲಿ ‘ಈ ಮುಖದಲ್ಲಿ ಏನೋ ಸರಿಯಿಲ್ಲ’ ಅನ್ನೋ ಅನುಮಾನ ಮೊದಲಿಂದಲೂ ಇರುತ್ತಲ್ಲ, ಅದು ಇಲ್ಲಿ ಕೆಲಸಕ್ಕೆ ಬಂದಿದೆ.

ಬಡತನ ಕೈಹಿಡಿದ ಇನ್ನೊಂದು ಕಡೆ ಸದ್ದು. ದೊಡ್ಡ ಆರ್ಕೆಸ್ಟ್ರಾ ಇಲ್ಲ. ಹಾಗಾಗಿ ಬರಹಗಾರರು ಮೌನವನ್ನ ಧಾರಾಳವಾಗಿ ಬಳಸಿದ್ದಾರೆ. ಸಂಗೀತ ನಿಂತು ಬರೀ ಫ್ಯಾನ್ ಸದ್ದೋ, ಕೀಟದ ಸದ್ದೋ ಉಳಿದಾಗ, ಕ್ಲಿಕ್ ಮಾಡೋ ಬೆರಳು ತಾನಾಗೇ ನಿಧಾನ ಆಗುತ್ತೆ. ಆಯ್ಕೆಯ ಬಟನ್ ಇಲ್ಲದ್ದು ಕೊರತೆ ಅಂತ ಅಂದುಕೊಂಡಿದ್ದವರಿಗೆ ಇಲ್ಲಿ ಅರ್ಥ ಆಗುತ್ತೆ: ಮುಂದಿನ ಸಾಲು ತರೋದು ನಮ್ಮದೇ ಬೆರಳು.

ಇದಕ್ಕಿಂತ ದೊಡ್ಡ ಬಲ ಕಥೆಯ ಕಟ್ಟಡದಲ್ಲಿದೆ. ಮೊದಲ ಭಾಗ ಭೀಕರವಾಗಿ ಮುಗಿಯುತ್ತೆ. ಎರಡನೇ ಭಾಗ ತೆರೆದರೆ ಸತ್ತವರೆಲ್ಲ ಬದುಕಿದ್ದಾರೆ, ಮತ್ತೆ ಅದೇ ಜೂನ್. ಒಂದು ಸಣ್ಣ ಘಟನೆ ಬೇರೆ ಆಗಿರುತ್ತೆ, ಅದರಿಂದ ಇಡೀ ದುರಂತವೇ ಬೇರೆ. ಅಲ್ಲಿ ಕೊಲೆಗಾರಳ ಹಾಗೆ ಕಂಡವಳು ಇಲ್ಲಿ ಬಲಿ. ಐದನೇ ಭಾಗಕ್ಕೆ ಬಂದಾಗ, ಎರಡನೇ ಭಾಗದಲ್ಲಿ ನೋಡಿದ್ದ ಘಟನೆಗಳನ್ನೇ ಇನ್ನೊಬ್ಬರ ಕಣ್ಣಿಂದ ನೋಡ್ತೀರಿ. ಆಗ ಸಿಗೋ ‘ಓಹ್, ಅದು ಇದಾ!’ ಅನ್ನೋ ಖುಷಿ ಪತ್ತೇದಾರಿ ಕಥೆ ಓದೋರಿಗೆ ಚಟ. ಪ್ರತಿ ಭಾಗದ ಕೊನೆಗೆ ಪಾತ್ರಗಳೆಲ್ಲ ನಾಟಕ ಮುಗಿಸಿದ ನಟರ ಹಾಗೆ ಸೇರಿಕೊಂಡು, ಇದು ಮನುಷ್ಯರ ಕೆಲಸವೋ, ಕಾಕತಾಳೀಯವೋ, ಶಾಪವೋ ಅಂತ ವಾದ ಬೇರೆ ಮಾಡ್ತಾರೆ.

ಸೂಜಿ ಮತ್ತು ಮಾರ್ಕರ್ ಪೆನ್

ಇಲ್ಲಿಂದ ಸ್ಪಾಯ್ಲರ್. ಗೇಮ್ ಆಡಲೇಬೇಕು ಅಂತ ಈಗಲೇ ನಿರ್ಧಾರ ಮಾಡಿದ್ರೆ ‘ಬೇಸರ ತರಿಸೋ ಜಾಗಗಳು’ ಅನ್ನೋ ಉಪಶೀರ್ಷಿಕೆಗೆ ಹೋಗಿಬಿಡಿ.

ಮೊದಲ ಭಾಗದಲ್ಲಿ ಓಯಿಶಿ ಅನ್ನೋ ಪೊಲೀಸ್ ಅಧಿಕಾರಿ ಬಂದು, ನಿನ್ನ ಗೆಳತಿಯರ ಬಗ್ಗೆ ಹುಷಾರಾಗಿರು ಅನ್ನೋ ಧಾಟಿಯಲ್ಲಿ ಕೆಯಿಚಿಯ ಕಿವಿಗೆ ಊದ್ತಾನೆ. ಅಲ್ಲಿಂದ ಎಲ್ಲವೂ ಬದಲು. ಹುಷಾರಿಲ್ಲ ಅಂತ ಮನೆಯಲ್ಲಿದ್ದವನನ್ನ ನೋಡೋಕೆ ರೇನಾ, ಮಿಯೋನ್ ಒಹಾಗಿ ತರ್ತಾರೆ. ಅದು ಸಿಹಿ ಕಾಳಿನ ಹೂರಣ ಮೆತ್ತಿದ ಅನ್ನದ ಉಂಡೆ. ಕಚ್ಚಿದರೆ ಒಳಗೆ ಸೂಜಿ! ಕೊನೆಗೆ ಅವರಿಬ್ಬರೂ ಅವನನ್ನ ಹಿಡಿದುಕೊಂಡು ಇಂಜೆಕ್ಷನ್ ಚುಚ್ಚೋಕೆ ಬರ್ತಾರೆ. ಕೆಯಿಚಿ ಬ್ಯಾಟ್ ಎತ್ತುತ್ತಾನೆ.

ನಾವು ಓದುವಾಗ ಅವನ ಪಕ್ಷ. ಇನ್ನೇನು ಮಾಡಬೇಕಿತ್ತು ಅಂತ ಕೇಳ್ತೀವಿ.

ಆರನೇ ಭಾಗದಲ್ಲಿ ಕೆಯಿಚಿಗೆ ಅದೇ ಘಟನೆ ಮತ್ತೆ ನೆನಪಾಗುತ್ತೆ, ಈ ಸಲ ಇದ್ದದ್ದು ಇದ್ದ ಹಾಗೆ. ಉಂಡೆಯಲ್ಲಿ ಸೂಜಿ ಇರಲಿಲ್ಲ, ತಮಾಷೆಗೆ ಹಾಕಿದ ಖಾರದ ಸಾಸ್ ಇತ್ತು. ಮಿಯೋನ್ ಕೈಯಲ್ಲಿದ್ದದ್ದು ಸಿರಿಂಜ್ ಅಲ್ಲ, ಮಾರ್ಕರ್ ಪೆನ್. ಆಟದ ಶಿಕ್ಷೆಯ ಹಾಗೆ ಅವನ ಮೇಲೆ ಗೀಚಿ, ನಗಿಸಿ, ಮುನಿಸು ತೆಗೆಯೋಣ ಅಂತ ಬಂದಿದ್ದ ಹುಡುಗಿಯರು ಅವರು.

ನನಗೆ ಇಡೀ ಹಿಗುರಾಶಿ ಇರೋದು ಈ ಒಂದು ಪೆನ್ನಲ್ಲಿ. ಪತ್ತೇದಾರಿ ಕಥೆ ನಮಗೆ ಕಲಿಸೋದೇ ಎಲ್ಲರನ್ನೂ ಅನುಮಾನಿಸೋದನ್ನ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಹಿಡಿದು ಇವತ್ತಿನ ವೆಬ್ ಸಿರೀಸ್ ತನಕ, ಅತಿ ಒಳ್ಳೆಯವರಂತೆ ಕಾಣೋರ ಮೇಲೆ ಮೊದಲು ಕಣ್ಣಿಡು ಅಂತ ನಾವು ಪಳಗಿದ್ದೀವಿ. ಹಿಗುರಾಶಿ ಆ ಚಟವನ್ನ ಬಳಸಿಕೊಂಡು ನಮ್ಮ ಕೈಯಲ್ಲೂ ಬ್ಯಾಟ್ ಕೊಡುತ್ತೆ. ಆಮೇಲೆ, ನಿನಗೆ ಸಾಕ್ಷಿ ಏನಿತ್ತು ಅಂತ ಕೇಳುತ್ತೆ. ಆಫೀಸಲ್ಲಿ ನಾವು ಹೋದ ತಕ್ಷಣ ಇಬ್ಬರು ಮಾತು ನಿಲ್ಲಿಸಿದರೆ, ಬ್ಲೂ ಟಿಕ್ ಬಿದ್ದ ಮೇಲೂ ಉತ್ತರ ಬರದಿದ್ದರೆ ನಮ್ಮ ತಲೆ ಎಷ್ಟು ಕಥೆ ಕಟ್ಟುತ್ತೆ! ಕಥೆಯ ಒಂದೊಂದು ತುಂಡೂ ಹೊಂದಿಕೊಳ್ಳುತ್ತೆ ಬೇರೆ.

ಸರಿ, ಆದರೆ ಒಗಟಾಗಿ ಇದು ನ್ಯಾಯವೇ? ಇಲ್ಲೇ ಜಗಳ. ಸರಿಯುತ್ತರ ಕಂಡುಹಿಡಿಯೋರು 100ಕ್ಕೆ ಒಬ್ಬರು ಅಂತ ಸವಾಲು ಹಾಕಿ ಮಾರಿದ ಗೇಮ್ ಇದು. ಓದುಗರು ನಕ್ಷೆ ಬರೆದು, ಯಾರು ಎಲ್ಲಿದ್ದರು ಅಂತ ಪಟ್ಟಿ ಮಾಡಿ ತಲೆ ಕೆಡಿಸಿಕೊಂಡ್ರು. ಉತ್ತರ ಏನು ಅಂದ್ರೆ, ಆ ಹಳ್ಳಿಗೇ ಸೀಮಿತವಾದ, ಅನುಮಾನವನ್ನ ಹುಚ್ಚಿಗೇರಿಸೋ ಒಂದು ಕಾಯಿಲೆ, ಅದರ ಹಿಂದೆ ರಹಸ್ಯ ಸಂಶೋಧನೆ, ಮತ್ತೆ ಮತ್ತೆ ಮರಳಿ ಬರೋ ಕಾಲಚಕ್ರ. ರೊನಾಲ್ಡ್ ನಾಕ್ಸ್ ಅನ್ನೋ ಇಂಗ್ಲಿಷ್ ಪಾದ್ರಿ 1929ರಲ್ಲೇ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದಿದ್ದರು. ಅತಿಮಾನುಷ ಶಕ್ತಿ ತರಬೇಡಿ, ಯಾರಿಗೂ ಗೊತ್ತಿಲ್ಲದ ವಿಷ ತರಬೇಡಿ ಅಂತ ಅದರಲ್ಲೇ ಇದೆ. ಲೋಕದಲ್ಲೇ ಇಲ್ಲದ ಕಾಯಿಲೆಯನ್ನ ಓದುಗ ಹೇಗೆ ಊಹಿಸಬೇಕು? ಮೊದಲ ಭಾಗದಲ್ಲೇ ಒಬ್ಬ ತನ್ನ ಗಂಟಲನ್ನ ತಾನೇ ಪರಚಿಕೊಂಡು ಸತ್ತ ಸುಳಿವು ಇದೆ, ನಿಜ. ಅಷ್ಟರಿಂದ ಅಲ್ಲಿಗೆ ತಲುಪೋದು ಕಷ್ಟ.

ನನ್ನ ತೀರ್ಪು: ಒಗಟಾಗಿ ಇದು ಮೋಸ. ಪೆನ್ನು ಸಿರಿಂಜ್ ಆಗಿ ಕಾಣೋಕೆ ಹೆದರಿಕೆಯೊಂದೇ ಸಾಕಿತ್ತು, ಕಾಯಿಲೆಯ ಹೆಸರು ಬೇಕಿರಲಿಲ್ಲ. ಹೆಸರು ಕೊಟ್ಟ ಕೂಡಲೇ ಕೆಯಿಚಿಯ ತಪ್ಪು ಸ್ವಲ್ಪ ಹಗುರ ಆಗಿಬಿಡುತ್ತೆ, ನಮ್ಮದೂ ಹಗುರ ಆಗುತ್ತೆ. ಅಲ್ಲಿ ಬರಹಗಾರರು ತಮ್ಮ ಅತ್ಯುತ್ತಮ ಯೋಚನೆಯಿಂದಲೇ ಹಿಂದೆ ಸರಿದ ಹಾಗೆ ನನಗೆ ಕಾಣುತ್ತೆ. (ಈ ಟೀಕೆ ಅವರಿಗೂ ತಟ್ಟಿರಬೇಕು. 2007ರಲ್ಲಿ ಶುರುವಾದ ಅವರ ಮುಂದಿನ ಸರಣಿ ‘ಉಮಿನೆಕೊ’ದಲ್ಲಿ ನಾಕ್ಸ್ ನಿಯಮಗಳನ್ನೇ ಆಯುಧವಾಗಿ ಹಿಡಿದ ಒಬ್ಬ ಹುಡುಗಿ ಬರ್ತಾಳೆ. ಅವಳ ಹೆಸರು ಡ್ಲಾನೊರ್. ರೊನಾಲ್ಡ್ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನ ತಿರುಗಿಸಿ ಓದಿ ನೋಡಿ.)

ಬೇಸರ ತರಿಸೋ ಜಾಗಗಳು

ದೊಡ್ಡ ದೂರು, ನಿಧಾನ. ಮೊದಲ ಭಾಗದ ಆರಂಭದ ಗಂಟೆಗಳಲ್ಲಿ ಮಕ್ಕಳು ಆಟ ಆಡ್ತಾರೆ, ಊಟದ ಡಬ್ಬಿಗೆ ಜಗಳ ಆಡ್ತಾರೆ, ಮತ್ತೆ ಆಟ ಆಡ್ತಾರೆ. ಸ್ನೇಹ ನಿಜ ಅನ್ನಿಸಿದರೆ ತಾನೇ ಅದು ಒಡೆದಾಗ ನೋವಾಗೋದು ಅನ್ನೋ ಲೆಕ್ಕ ಸರಿ. ಆದರೆ ಅರ್ಧದಷ್ಟರಲ್ಲಿ ಆ ಕೆಲಸ ಆಗ್ತಿತ್ತು. ಸಂಪಾದಕರು ಇಲ್ಲದ ಬರವಣಿಗೆಯ ಗುರುತು ಇದು. ಮುಂದಿನ ಭಾಗಗಳಲ್ಲೂ ಒಂದೇ ಮಾತನ್ನ ಮೂರು ಸಲ ಹೇಳಿ, ಕೊನೆಗೆ ಪಾತ್ರದ ಬಾಯಲ್ಲಿ ಭಾಷಣ ಮಾಡಿಸ್ತಾರೆ.

ಅದಕ್ಕಿಂತ ಕಿರಿಕಿರಿ, ಸೋತ ಹುಡುಗಿಯರಿಗೆ ಹಾಕಿಸೋ ಬಟ್ಟೆಗಳ ಕುರಿತ ಪೋಲಿ ತಮಾಷೆ. ಇವರೆಲ್ಲ ಶಾಲೆಗೆ ಹೋಗೋ ಮಕ್ಕಳು, ಇಬ್ಬರಂತೂ ತೀರಾ ಚಿಕ್ಕವರು. ಆ ಕಾಲದ ಅಲ್ಲಿನ ಗೇಮ್‌ಗಳ ವಾಡಿಕೆ ಅಂತ ಸಮರ್ಥಿಸೋರು ಇದ್ದಾರೆ. ನನಗೆ ಅಲ್ಲೆಲ್ಲ ಬೇಗ ಬೇಗ ಕ್ಲಿಕ್ ಮಾಡೋದೇ ದಾರಿ ಆಯ್ತು. ಹಿಂಸೆಯ ವಿವರಗಳೂ ಕೆಲವು ಕಡೆ ಅತಿ. ಮನೆಯ ಚಿಕ್ಕವರ ಕೈಗೆ ಕೊಡೋ ಗೇಮ್ ಅಲ್ಲ ಇದು.

ಎಂಟನೇ ಭಾಗ ಇನ್ನೊಂದು ಸಮಸ್ಯೆ. ಉಸಿರುಗಟ್ಟಿಸೋ ಅನುಮಾನದ ಕಥೆಯಾಗಿದ್ದದ್ದು, ಮಕ್ಕಳು ಬಂದೂಕಿನವರನ್ನ ಬಲೆಗೆ ಬೀಳಿಸೋ ಸಾಹಸದ ಕಥೆ ಆಗಿಬಿಡುತ್ತೆ. ಅಷ್ಟೆಲ್ಲ ಸಂಕಟ ನೋಡಿದ ಮೇಲೆ ಎಲ್ಲರೂ ಗೆಲ್ಲಲಿ ಅಂತ ನಮಗೂ ಅನ್ನಿಸುತ್ತೆ. ಖಳರು ಮಾತ್ರ ಇದ್ದಕ್ಕಿದ್ದಂತೆ ದಡ್ಡರಾಗೋದು ಕಷ್ಟ.

ಸರ್ಕಾರಿ ಕಚೇರಿಯ ಕೌಂಟರ್

ಆದರೆ ಅದಕ್ಕೂ ಮುಂಚೆ, ಏಳನೇ ಭಾಗದಲ್ಲಿ, ಒಂದು ಪ್ರಸಂಗ ಇದೆ. ಭೂತವಿಲ್ಲ, ರಕ್ತವಿಲ್ಲ. ನಾನು ಇಡೀ ಸರಣಿಯಲ್ಲಿ ಮತ್ತೆ ಓದಿದ್ದು ಅದನ್ನೇ.

ಸಾತೊಕೊಳ ಚಿಕ್ಕಪ್ಪ ಊರಿಗೆ ವಾಪಸ್ ಬರ್ತಾನೆ. ಮಗುವನ್ನ ಹೊಡೆದು ಬಡಿದು ಜೀತಕ್ಕೆ ಇಟ್ಟುಕೊಳ್ತಾನೆ. ಮೂರನೇ ಭಾಗದಲ್ಲಿ ಇದೇ ಪರಿಸ್ಥಿತಿಗೆ ಕೆಯಿಚಿ ಹುಡುಕಿದ ದಾರಿ ಕೊಲೆ, ಅದು ಎಲ್ಲವನ್ನೂ ಹಾಳು ಮಾಡಿತ್ತು. ಈ ಸಲ ಗೆಳೆಯರು ಮಕ್ಕಳ ಕಲ್ಯಾಣ ಕಚೇರಿಗೆ ಹೋಗ್ತಾರೆ. ಅಲ್ಲಿ ಸಿಗೋ ಉತ್ತರಗಳು ನಮಗೆಲ್ಲ ಪರಿಚಿತ. ಪರಿಶೀಲಿಸ್ತೀವಿ. ಮಗುವೇ ಏನೂ ತೊಂದರೆ ಇಲ್ಲ ಅಂದಿದೆಯಲ್ಲ. ಮನೆಯ ವಿಚಾರ. ಸಾತೊಕೊ ಯಾಕೆ ಹಾಗೆ ಹೇಳ್ತಾಳೆ ಅನ್ನೋದೇ ಒಂದು ಕರುಳು ಹಿಂಡೋ ಕಥೆ.

ಮರುದಿನ ಇನ್ನಷ್ಟು ಜನ ಕರಕೊಂಡು ಹೋಗ್ತಾರೆ. ಮತ್ತೆ ಅದೇ ಉತ್ತರ. ಅದರ ಮರುದಿನ ಇನ್ನೂ ಹೆಚ್ಚು. ಅಷ್ಟರಲ್ಲಿ ಗೊತ್ತಾಗುತ್ತೆ, ನಿಜವಾದ ಅಡ್ಡಿ ಕಚೇರಿಯ ಕೌಂಟರ್ ಮಾತ್ರ ಅಲ್ಲ. ಅಣೆಕಟ್ಟಿನ ಕಾಲದ ಸಿಟ್ಟನ್ನ ಇನ್ನೂ ಬಿಡದ ಊರೇ ಅಡ್ಡಿ. ಆ ಮನೆಯ ಮಗುವಿನ ಪರ ನಿಂತರೆ ಹಿರಿಯರು ಏನಂತಾರೋ ಅಂತ ಒಬ್ಬರನ್ನ ನೋಡಿ ಒಬ್ಬರು ಸುಮ್ಮನಿದ್ದಾರೆ. ಹೋಗಿ ಕೇಳಿದರೆ, ಆ ಹಿರಿಯರಿಗೂ ಅಷ್ಟೊಂದು ದ್ವೇಷ ಉಳಿದಿಲ್ಲ! ಬಿಟ್ಟುಕೊಟ್ಟೆ ಅಂತ ಮೊದಲು ಹೇಳೋರು ಯಾರು ಅನ್ನೋದಷ್ಟೇ ಬಾಕಿ. ಅರ್ಜಿ ಹೇಗೆ ಮೇಜಿಂದ ಮೇಜಿಗೆ ಜಾರುತ್ತೆ, ಎಷ್ಟು ಜನ ಬಾಗಿಲಲ್ಲಿ ನಿಂತರೆ ಫೈಲ್ ಅಲ್ಲಾಡುತ್ತೆ ಅನ್ನೋದನ್ನ ಒಳಗಿದ್ದವರು ಬರೆದ ರುಚಿ ಇಲ್ಲಿದೆ. ಈ ಬರಹಗಾರರು ಸರ್ಕಾರಿ ನೌಕರಿಯಲ್ಲಿದ್ದವರು ಅನ್ನೋದು ನನಗೆ ನೆನಪಾದದ್ದು ಇಲ್ಲೇ.

ದೊಡ್ಡ ಸ್ಟುಡಿಯೊದಲ್ಲಿ ಈ ಪ್ರಸಂಗಕ್ಕೆ ಜಾಗ ಸಿಗ್ತಿತ್ತಾ? ಭಯಾನಕ ಗೇಮ್‌ನ ಮಧ್ಯೆ ಗಂಟೆಗಟ್ಟಲೆ ಮನವಿ ಪತ್ರದ ಕಥೆ ಯಾಕೆ ಅಂತ ಮೊದಲ ಮೀಟಿಂಗ್‌ನಲ್ಲೇ ಕತ್ತರಿ ಬೀಳ್ತಿತ್ತು. ಸಂಪಾದಕರಿಲ್ಲದ್ದರಿಂದ ಬಂದ ಬೇಸರವೂ, ಸಂಪಾದಕರಿಲ್ಲದ್ದರಿಂದ ಉಳಿದ ಈ ಪುಟಗಳೂ ಒಂದೇ ಗೇಮ್‌ನಲ್ಲಿವೆ.

ಆಡೋದಾದ್ರೆ

ಇಂಗ್ಲಿಷ್ ಅನುವಾದದ ಹೊಸ ಆವೃತ್ತಿ 2015ರಿಂದ ಸ್ಟೀಮ್‌ನಲ್ಲಿ ಒಂದೊಂದೇ ಭಾಗವಾಗಿ ಬಂದು 2020ಕ್ಕೆ ಎಂಟೂ ಪೂರ್ತಿಯಾದವು. ಭಾಗಗಳನ್ನ ಬಿಡಿಬಿಡಿಯಾಗಿ ಕೊಳ್ಳಬಹುದು. ಹಾಗಾಗಿ ಮೊದಲನೆಯದನ್ನ ಮುಗಿಸಿ ನೋಡಿ, ಹಿಡಿಸಿದರೆ ಮುಂದೆ ಹೋಗಿ. ಯಾವ ಆಫೀಸ್ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ (ಆಫೀಸ್ ಒಪ್ಪಿದರೆ). ಒಂದು ಕೀ ಒತ್ತಿದರೆ ಹೊಸ ಚಿತ್ರ ಹೋಗಿ ಹಳೇ ಕೈಗವಸಿನ ಕೈಗಳು ಬರ್ತವೆ. ನನ್ನ ಮಾತು ಕೇಳಿದರೆ ಹಳೇದೇ ಇಟ್ಟುಕೊಳ್ಳಿ.

2006ರ ಆನಿಮೆ ಮೊದಲು ನೋಡಬೇಡಿ. ಅದರಲ್ಲಿ ರಕ್ತ ಉಳಿದುಕೊಂಡು, ಕೆಯಿಚಿಯ ತಲೆಯೊಳಗೆ ಅನುಮಾನ ಹನಿಹನಿಯಾಗಿ ತುಂಬೋ ಭಾಗ ತೆಳುವಾಗಿದೆ. 2025ರಲ್ಲಿ ಬಂದ ‘ಸೈಲೆಂಟ್ ಹಿಲ್ ಎಫ್’ ಆಡಿದವರಿಗೆ ಈ ಬರವಣಿಗೆ ಪರಿಚಯ ಇರುತ್ತೆ. ಕೊನಾಮಿಯ ಆ ದೊಡ್ಡ ಗೇಮ್‌ಗೆ ಕಥೆ ಬರೆದದ್ದು ಇದೇ ರ್ಯೂಕಿಶಿ07.

ಇನ್ನೊಂದು. ನಾಲ್ಕನೇ ಭಾಗ ಮುಗಿದ ಕೂಡಲೇ ಐದನೆಯದನ್ನ ತೆರೆಯಬೇಡಿ. ಜೊತೆಗೆ ಆಡೋ ಸ್ನೇಹಿತರೊಬ್ಬರನ್ನ ಹುಡುಕಿಕೊಂಡು, ಕೊಲೆಗಾರ ಯಾರು ಅಂತ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದಿಡಿ. ಒಂದು ವಾರ ಜಗಳ ಆಡಿ. ಆಮೇಲೆ ಮುಂದಿನ ಭಾಗ ಡೌನ್‌ಲೋಡ್ ಮಾಡಿ.